ಶರಣು ಬಂದವರ ಬೆಟ್ಟ



ಶ್ರಾವಣದ ಈ ಜಿಟಿಜಿಟಿ ಮಳೆಯಲ್ಲಿಯೂ ಹೊಲಮನೆಯ ಕೆಲಸ ಮುಗಿಸಿ ನೀವೆಲ್ಲರೂ ಮಠಕ್ಕೆ ಬಂದಿದ್ದೀರಿ. ಪ್ರವಚನಕ್ಕೆ ಮೊದಲು ನಮಸ್ಕಾರಕ್ಕೆ ಬಂದ ತಾಯಿಯೊಬ್ಬರು ನಮ್ಮ ಹೆಗಲ ಮೇಲಿರುವ ಈ ಕಂಬಳಿಯನ್ನು ಮುಟ್ಟಿ ನೋಡಿ, ‘ಅಪ್ಪಾರ, ಇದು ನಮ್ಮ ಕಡೀ ಕಂಬಳಿ ಅಲ್ಲ, ಯಾವ ಊರಿಂದು?’ ಎಂದು ಕೇಳಿದರು. ಇಂದಿನ ಪ್ರವಚನವೇ ಆ ತಾಯಿಯ ಪ್ರಶ್ನೆಗೆ ಉತ್ತರ.

ನಮ್ಮ ಮಠದ ಭಕ್ತರೊಬ್ಬರು ಅನೇಕ ವರ್ಷ ಪರದೇಶದ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ಗಣಿತ ಕಲಿಸಿ ಹಿಂದಿರುಗಿದ್ದಾರೆ. ಬರುವಾಗ ಅವರು ಮಠಕ್ಕೆಂದು ತಂದ ಕಾಣಿಕೆ ಈ ಕಂಬಳಿ. ಇದರ ಮೇಲೆ ಗೋವಿನ ಜೋಳದ ತೆನೆಯ ಚಿತ್ರ ನೇಯ್ದಿದ್ದಾರೆ, ನೋಡಿರಿ. ಆ ನಾಡಿನವರಿಗೆ ಅದೇ ಅನ್ನ, ಅದೇ ಸಮೃದ್ಧಿಯ ಗುರುತು. ಆ ನಾಡಿನ ಹೆಸರು ಲೆಸೊಥೊ. ಅಲ್ಲಿಯ ಜನರನ್ನು ಬಸೊಥೊ ಎನ್ನುತ್ತಾರೆ. ಅವರು ಆಡುವ ಮಾತು ಸೆಸೊಥೊ.

ಆಫ್ರಿಕಾ ಖಂಡದ ತೆಂಕಣ ತುದಿಯಲ್ಲಿ ದಕ್ಷಿಣ ಆಫ್ರಿಕಾ ಎಂಬ ದೊಡ್ಡ ದೇಶವಿದೆಯಲ್ಲ, ಅದರ ಹೊಟ್ಟೆಯೊಳಗೆ ಈ ಚಿಕ್ಕ ದೇಶವಿದೆ. ನಾಲ್ಕು ದಿಕ್ಕಿಗೂ ಒಂದೇ ದೇಶ ಸುತ್ತುವರಿದಿದೆ. ಸಮುದ್ರವನ್ನು ಕಾಣಬೇಕಾದರೆ ಪರರ ನೆಲವನ್ನು ದಾಟಲೇಬೇಕು. ವಿಸ್ತೀರ್ಣ 30,355 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಆರನೆಯ ಒಂದು ಪಾಲಿಗಿಂತಲೂ ತುಸು ಕಡಿಮೆ. ಜನಸಂಖ್ಯೆ 20 ಲಕ್ಷಕ್ಕೂ ಮಿಕ್ಕಿದೆ. ಎಲ್ಲೆಲ್ಲಿಯೂ ಬೆಟ್ಟ. ಆ ದೇಶದ ಅತ್ಯಂತ ತಗ್ಗಿನ ಜಾಗವೇ ಸಮುದ್ರಮಟ್ಟದಿಂದ 1,400 ಮೀಟರು ಎತ್ತರದಲ್ಲಿದೆ. ಇಡೀ ದೇಶವೇ ಸಾವಿರ ಮೀಟರಿಗಿಂತ ಮೇಲಿರುವುದು ಜಗತ್ತಿನಲ್ಲಿ ಇದೊಂದೇ. ತುತ್ತತುದಿಯ ಶಿಖರ 3,482 ಮೀಟರು. ನಮಗೆ ಮುಂಗಾರಿನ ಕಾಲವಾಗಿರುವ ಈ ತಿಂಗಳುಗಳಲ್ಲಿ ಅಲ್ಲಿ ಕಡು ಚಳಿಗಾಲ. ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ. ಕುರಿದನ ಕಾಯುವ ಚಿಕ್ಕ ಹುಡುಗರು ಇಂಥದೊಂದು ಕಂಬಳಿ ಹೊದ್ದು ಆ ಹಿಮದಲ್ಲಿ ನಿಲ್ಲುತ್ತಾರೆ.

ಈ ದೇಶದ ಭೂಗೋಳ ನಮಗೇತಕ್ಕೆ ಎಂದು ನೀವು ಕೇಳಬಹುದು. ಹೇಳುತ್ತೇವೆ.

ಬಾಲ್ಯದಲ್ಲಿ ಗುರುಗಳು ನಮಗೆ ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅದರಲ್ಲಿ ‘ಶರಣ’ ಎಂಬ ಶಬ್ದಕ್ಕೆ ಎರಡು ಅರ್ಥಗಳನ್ನು ಹೇಳಿದೆ. ಒಂದು ಮನೆ, ಇನ್ನೊಂದು ಕಾಪಾಡುವವನು. ನಮಗಾದರೋ ಶರಣ ಎಂದರೆ ಶಿವನಿಗೆ ಶರಣಾದವನು ಎಂಬುದಷ್ಟೇ ಮನಸ್ಸಿನಲ್ಲಿತ್ತು. ‘ಗುರುಗಳೇ, ಶರಣಾಗುವವನು ಬೇರೆ, ಕಾಪಾಡುವವನು ಬೇರೆ. ಇಬ್ಬರಿಗೂ ಒಂದೇ ಶಬ್ದ ಹೇಗೆ?’ ಎಂದು ಕೇಳಿದೆವು. ಗುರುಗಳು ನಕ್ಕು, ‘ದೊಡ್ಡವನಾಗು, ತಿಳಿಯುತ್ತದೆ’ ಎಂದರು. ನಾವು ದೊಡ್ಡವರಾದೆವು, ಗದ್ದುಗೆಯ ಮೇಲೆ ಕುಳಿತೆವು. ಆದರೆ ಆ ಮಾತು ನಿಜವಾಗಿ ತಿಳಿದದ್ದು ಈಚೆಗೆ, ಈ ಕಂಬಳಿ ತಂದವರ ಬಾಯಿಂದ ಒಬ್ಬ ಅರಸನ ಕಥೆ ಕೇಳಿದಾಗ. ಕಥೆ ಎಂದೆವು, ಆದರೆ ಇದು ಪುರಾಣವಲ್ಲ, ನಡೆದ ಚರಿತ್ರೆ.

ಆ ಅರಸನ ಹೆಸರು ಮೊಶ್ವೆಶ್ವೆ. ಸುಮಾರು 1786ರಲ್ಲಿ ಒಬ್ಬ ಚಿಕ್ಕ ಪಾಳೆಯಗಾರನ ಮನೆಯಲ್ಲಿ ಹುಟ್ಟಿದವನು. ತಂದೆತಾಯಿ ಇಟ್ಟ ಹೆಸರು ಲೆಪೊಕೊ. ಹರೆಯದಲ್ಲಿ ಅವನು ಪರರ ದನಗಳನ್ನು ಹೊಡೆದುಕೊಂಡು ಬರುವುದರಲ್ಲಿ ನಿಸ್ಸೀಮ. ಒಮ್ಮೆ ಒಬ್ಬ ದೊರೆಯ ದನಗಳನ್ನೆಲ್ಲ ಕದ್ದು ತಂದು, ‘ಅವನ ಗಡ್ಡವನ್ನೇ ಬೋಳಿಸಿಬಿಟ್ಟೆ’ ಎಂದು ಹಾಡಿಕೊಂಡನಂತೆ. ಕ್ಷೌರದ ಕತ್ತಿ ಗಡ್ಡದ ಮೇಲೆ ಆಡುವಾಗ ಆಗುವ ಸಪ್ಪಳವನ್ನೇ ಅನುಕರಿಸಿ ಮೊಶ್ವೆಶ್ವೆ ಎಂಬ ಹೆಸರು ಅವನಿಗೆ ನಿಂತಿತು. ಸಿಟ್ಟೂ ಬಹಳ. ಸಣ್ಣ ತಪ್ಪಿಗೂ ಕೈ ಎತ್ತುವ ಸ್ವಭಾವ.

ಇಂಥ ಹುಡುಗನನ್ನು ಮೊಹ್ಲೊಮಿ ಎಂಬ ವೃದ್ಧ ಜ್ಞಾನಿಯ ಬಳಿಗೆ ಕರೆದೊಯ್ದರು. ಮೊಹ್ಲೊಮಿ ಆ ಸೀಮೆಯಲ್ಲಿ ವೈದ್ಯನೆಂದು, ನ್ಯಾಯ ಹೇಳುವವನೆಂದು ಹೆಸರಾದವನು. ಹುಡುಗನು, ‘ದೊಡ್ಡ ಅರಸನಾಗಲು ನಿಮ್ಮಲ್ಲಿ ಯಾವ ಮದ್ದಿದೆ? ಅದನ್ನು ಕೊಡಿ’ ಎಂದು ಬೇಡಿದ. ಅರಸೊತ್ತಿಗೆಗೆ ಮದ್ದಿಲ್ಲ, ಹೃದಯವೇ ಮದ್ದು ಎಂಬುದು ವೃದ್ಧನ ಉತ್ತರ. ಬಡವರಿಗೆ ನ್ಯಾಯ ಕೊಡು, ಮಾಟಗಾರರೆಂದು ಆರೋಪ ಹೊತ್ತವರನ್ನು ಕೊಲ್ಲಬೇಡ, ಈಟಿ ಮಸೆಯುವುದಕ್ಕಿಂತ ಕಾಳು ಬಡಿಯುವುದು ಮೇಲು ಎಂದು ಬುದ್ಧಿ ಹೇಳಿ ಕಳಿಸಿದ. ಗುರುವಿನ ಮಾತು ಕಿವಿಯಲ್ಲಿ ಬಿದ್ದ ಕೂಡಲೇ ಯಾರೂ ಶಿಷ್ಯರಾಗುವುದಿಲ್ಲ. ಬಿತ್ತಿದ ಬೀಜ ಮಳೆಗಾಗಿ ಕಾಯುವಂತೆ ಆ ಮಾತು ಅವನೊಳಗೆ ಕಾಯುತ್ತ ಕುಳಿತಿತು.

1820ರ ದಶಕದಲ್ಲಿ ಆ ಭಾಗದಲ್ಲಿ ಭಯಂಕರ ಉತ್ಪಾತ ಉಂಟಾಯಿತು. ಅಲ್ಲಿಯ ಜನ ಅದನ್ನು ‘ಲಿಫಾಕಾನೆ’ ಎಂದು ಕರೆಯುತ್ತಾರೆ. ಪೂರ್ವದಲ್ಲಿ ಶಾಕಾ ಎಂಬ ಜುಲು ದೊರೆ ಪ್ರಬಲನಾದ. ಒಂದು ಜನಾಂಗ ಇನ್ನೊಂದನ್ನು ಅಟ್ಟಿತು, ಅಟ್ಟಿಸಿಕೊಂಡವರು ಮತ್ತೊಬ್ಬರ ಮೇಲೆ ಬಿದ್ದರು. ಬಿತ್ತುವವರಿಲ್ಲ, ದನಗಳಿಲ್ಲ, ಕಣಜ ಬರಿದು. ಹಸಿವು ಎಷ್ಟಾಯಿತೆಂದರೆ ಕೆಲವು ಗುಂಪುಗಳು ಮನುಷ್ಯರನ್ನು ಹಿಡಿದು ತಿನ್ನತೊಡಗಿದವು. ತಾಯಂದಿರೇ, ಈ ಮಾತು ಕೇಳಲು ಕಠೋರ. ಆದರೂ ಹೇಳಲೇಬೇಕಾಗಿದೆ.

ಮೊಶ್ವೆಶ್ವೆ ಆಗ ಬೂಥಾ ಬೂಥೆ ಎಂಬ ಬೆಟ್ಟದಲ್ಲಿದ್ದ. ಹಗೆಗಳು ಮುತ್ತಿಗೆ ಹಾಕಿ ಜನರನ್ನು ಹಸಿವಿನಿಂದ ಹಣ್ಣುಮಾಡಿದರು. 1824ರ ಚಳಿಗಾಲದಲ್ಲಿ ಅವನು ತನ್ನವರನ್ನೆಲ್ಲ ಕರೆದುಕೊಂಡು ದಕ್ಷಿಣಕ್ಕೆ ಹೊರಟ. ಹಲವು ದಿನಗಳ ದಾರಿ, ಮೈ ಕೊರೆಯುವ ಚಳಿ. ಮುದುಕರೂ ಮಕ್ಕಳೂ ಹಿಂದುಳಿದರು. ಅವರಲ್ಲಿ ಅವನ ಅಜ್ಜ ಪೀಟೆಯೂ ಒಬ್ಬ. ದಾರಿಯಲ್ಲಿ ಹೊಂಚು ಹಾಕಿದ್ದ ನರಭಕ್ಷಕರ ಗುಂಪು ಆ ಮುದುಕನನ್ನು ಹಿಡಿದು ಕೊಂದು ತಿಂದುಹಾಕಿತು.

ಉಳಿದವರು ಕತ್ತಲಾಗುವ ಹೊತ್ತಿಗೆ ಒಂದು ಬೆಟ್ಟವನ್ನು ಏರಿದರು. ಅದರ ನೆತ್ತಿ ಕಣದಂತೆ ಸಮತಟ್ಟು. ಅಲ್ಲಿ ಹುಲ್ಲುಂಟು, ನೀರಿನ ಒರತೆಗಳುಂಟು. ಸುತ್ತಲೂ ಗೋಡೆಯಂಥ ಬಂಡೆ. ಹತ್ತಲು ಕೆಲವೇ ಕಡಿದಾದ ದಾರಿಗಳು. ಇರುಳಿನಲ್ಲಿ ಸೇರಿದ ಬೆಟ್ಟವಾದ್ದರಿಂದ ಅದಕ್ಕೆ ಥಾಬಾ ಬೊಸಿಯು, ಅಂದರೆ ಇರುಳಿನ ಬೆಟ್ಟ ಎಂಬ ಹೆಸರಾಯಿತು. ಲೆಸೊಥೊ ದೇಶ ಹುಟ್ಟಿದ್ದು ಅಲ್ಲಿ.

ಮುಂದೆ ಮೊಶ್ವೆಶ್ವೆ ಬಲಗೊಂಡ. ಅಜ್ಜನನ್ನು ತಿಂದವರು ಅವನ ಕೈಗೆ ಸಿಕ್ಕರು. ಇವರನ್ನು ಕೊಲ್ಲಬೇಕು ಎಂದು ಅವನ ಜನರೆಲ್ಲ ಕೂಗಿದರು. ಈ ಕೂಗನ್ನು ತಪ್ಪೆನ್ನಲು ಬರುತ್ತದೆಯೇ? ನಮ್ಮ ನಿಮ್ಮ ಅಜ್ಜನಾಗಿದ್ದರೆ ನಾವು ಏನೆನ್ನುತ್ತಿದ್ದೆವು? ಆದರೆ ಮೊಶ್ವೆಶ್ವೆ ಹೇಳಿದ್ದು ಬೇರೆ. ಇವರ ಹೊಟ್ಟೆಯೇ ನಮ್ಮ ಅಜ್ಜನ ಸಮಾಧಿ. ಹಿರಿಯರ ಸಮಾಧಿಯನ್ನು ಕೆಡಿಸುವುದು ಧರ್ಮವಲ್ಲ. ಇದು ಅವನ ಮಾತಿನ ತಾತ್ಪರ್ಯ. ಹಾಗೆ ಹೇಳಿ, ಸತ್ತವರ ಸಮಾಧಿಗೆ ಆ ನಾಡಿನಲ್ಲಿ ಮಾಡುವ ಶುದ್ಧಿ ಸಂಸ್ಕಾರವನ್ನು ಅವರ ಮೈಮೇಲೆಯೇ ಮಾಡಿಸಿದ. ಬಳಿಕ ಅವರಿಗೆ ದನ ಕೊಟ್ಟ, ನೆಲ ಕೊಟ್ಟ. ಬಿತ್ತಿ ಬೆಳೆದು ಮನುಷ್ಯರಂತೆ ಬಾಳಿರಿ ಎಂದು ಕಳಿಸಿದ. ಅವರು ಬಿತ್ತಿದರು, ಬೆಳೆದರು, ಅವನ ಪ್ರಜೆಗಳಾದರು.

ಸದ್ಭಕ್ತರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಅವನು ತಪ್ಪನ್ನು ತಪ್ಪಲ್ಲವೆನ್ನಲಿಲ್ಲ. ನರಭಕ್ಷಣೆಯನ್ನು ನಿಲ್ಲಿಸಿದ. ಆದರೆ ನಿಲ್ಲಿಸಿದ ಬಗೆಯನ್ನು ನೋಡಿರಿ. ತಪ್ಪಿನ ಹಿಂದೆ ಹಸಿವಿದೆ ಎಂಬುದನ್ನು ಕಂಡ. ಹಸಿವಿಗೆ ಮದ್ದು ಹುಡುಕಿದ. ಗಿಡದ ಎಲೆ ಒಣಗಿದರೆ ಎಲೆಗೆ ಬಾರುಕೋಲಿನಿಂದ ಹೊಡೆಯುವ ರೈತನಿಲ್ಲ, ಬೇರಿಗೆ ನೀರು ಹಾಕುತ್ತಾನೆ. ಮೊಹ್ಲೊಮಿ ಬಿತ್ತಿದ ಬೀಜ ಆ ದಿನ ಮೊಳೆಯಿತು.

ಇದು ಒಮ್ಮೆ ಬಂದು ಹೋದ ಉದಾರಬುದ್ಧಿಯೂ ಅಲ್ಲ. 1831ರಲ್ಲಿ ಮ್ಜಿಲಿಕಾಜಿ ಎಂಬ ಪ್ರಬಲ ದೊರೆಯ ಸೈನ್ಯ ಥಾಬಾ ಬೊಸಿಯುವಿಗೆ ಲಗ್ಗೆ ಹಾಕಿತು. ಬಸೊಥೊ ಜನ ಮೇಲಿನಿಂದ ಬಂಡೆಗಳನ್ನು ಉರುಳಿಸಿ ಆ ಸೈನ್ಯವನ್ನು ಹಿಮ್ಮೆಟ್ಟಿಸಿದರು. ಸೋತು ಹೊರಟವರ ಬೆನ್ನಟ್ಟುವ ಬದಲು ಮೊಶ್ವೆಶ್ವೆ ಅವರಿಗೆ ಕೊಬ್ಬಿದ ಎತ್ತುಗಳನ್ನು ಕಳಿಸಿದ. ನಿಮ್ಮನ್ನು ಹಸಿವೇ ಇಲ್ಲಿಗೆ ತಂದಿರಬೇಕು, ದಾರಿಯ ಊಟಕ್ಕೆ ಇವು ಇರಲಿ ಎಂದು ಹೇಳಿಸಿದ. ಆ ಸೈನ್ಯ ಮತ್ತೆಂದೂ ಆ ಬೆಟ್ಟದ ಮೇಲೆ ಬರಲಿಲ್ಲ.

ಈ ಸುದ್ದಿ ಹರಡಿತು. ದಿಕ್ಕೆಟ್ಟವರು, ಮನೆ ಸುಟ್ಟವರು, ಬೇರೆ ಬೇರೆ ಕುಲದವರು, ನಿನ್ನೆ ಹಗೆಗಳಾಗಿದ್ದವರು ಆ ಬೆಟ್ಟದ ಬುಡಕ್ಕೆ ಬಂದು ಶರಣೆಂದರು. ಬಂದವರಿಗೆ ಅರಸ ಹಾಲು ಹಿಂಡುವ ಆಕಳನ್ನು ಕೊಡುತ್ತಿದ್ದ. ಆ ಪದ್ಧತಿಗೆ ‘ಮಫಿಸಾ’ ಎನ್ನುತ್ತಾರೆ. ಹಾಲು, ಉಳುಮೆ ಸಾಕಿದವನದು. ಆಕಳೂ ಕರುಗಳೂ ಕೊಟ್ಟವನವು. ಭಿಕ್ಷೆಯೆಂಬ ಹೀನತೆಯಿಲ್ಲ, ಸಾಲವೆಂಬ ಕುಣಿಕೆಯಿಲ್ಲ. ಸಾಕುವವನು ಅರಸನ ಮನೆಯವನೇ ಆಗಿಬಿಡುತ್ತಿದ್ದ. ನಾಡಿನ ಮುಖ್ಯ ವಿಷಯಗಳಿಗೆ ‘ಪಿತ್ಸೊ’ ಎಂಬ ಸಭೆ ಕೂಡುತ್ತಿತ್ತು. ಅಲ್ಲಿ ಸಾಮಾನ್ಯನೂ ಎದ್ದು ನಿಂತು ಅರಸನ ತಪ್ಪನ್ನು ಆಡಬಹುದಿತ್ತು. 1833ರಲ್ಲಿ ಪ್ಯಾರಿಸ್ಸಿನ ಮಿಷನರಿಗಳು ಬಂದಾಗ ಅವರಿಗೂ ಇರಲು ಸ್ಥಳ ಕೊಟ್ಟ. ಅವರಿಂದ ಆ ಭಾಷೆಗೆ ಲಿಪಿ, ಮುದ್ರಣ ಬಂದವು. ಅವರಿಂದ ಕಲಿತ, ಆದರೆ ತನ್ನ ಜನರ ನಡೆನುಡಿಗಳನ್ನು ಕೈಬಿಡಲಿಲ್ಲ. 1855ರಲ್ಲಿ, ಮಾಟ ಮಾಡಿದರೆಂದು ಯಾರನ್ನೂ ಕೊಲ್ಲಕೂಡದು ಎಂದು ಕಾನೂನು ಹೊರಡಿಸಿದ. ಗುರುವಿನ ಮಾತು ಹೀಗೆ ಶಾಸನವಾಯಿತು.

ಬಸೊಥೊ ಎಂಬುದು ಒಂದೇ ರಕ್ತದ ಕುಲವಲ್ಲವೆಂಬುದನ್ನು ಗಮನಿಸಬೇಕು. ಶರಣು ಬಂದವರು ಸೇರಿ ಆದ ಜನ ಅದು. ಬೆಟ್ಟವೇ ಮನೆ, ಅರಸನೇ ಕಾಪಾಡುವವನು. ಅಮರಕೋಶದ ಎರಡು ಅರ್ಥಗಳೂ ಅಲ್ಲಿ ಒಂದಾದವು.

ಇದೆಲ್ಲ ಕೇಳಿ, ‘ಹೀಗೆ ಕ್ಷಮಿಸುತ್ತ ಕೂತರೆ ಲೋಕ ನಮ್ಮನ್ನು ನುಂಗಿಬಿಡುತ್ತದೆ’ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಮೊಶ್ವೆಶ್ವೆ ಹೇಡಿಯಲ್ಲ. ಬಂದೂಕು, ಕುದುರೆಗಳನ್ನು ಕೂಡಿಸಿಟ್ಟಿದ್ದ. 1852ರ ಡಿಸೆಂಬರಿನಲ್ಲಿ ಬ್ರಿಟಿಷ್ ಗವರ್ನರ್ ಕ್ಯಾಥ್‌ಕಾರ್ಟ್ 10,000 ದನಗಳನ್ನೂ 1,000 ಕುದುರೆಗಳನ್ನೂ ದಂಡವಾಗಿ ಕೇಳಿದ. ಗಡುವಿನೊಳಗೆ 3,500 ದನಗಳು ಹೋದವು. ಅಷ್ಟು ಸಾಲದೆಂದು ಅವನು ದಂಡೆತ್ತಿ ಬಂದ. ಬಸೊಥೊ ಕುದುರೆ ಸವಾರರು ಅವನ ಸೈನ್ಯವನ್ನು ತಡೆದು ನಿಲ್ಲಿಸಿದರು. ಆ ರಾತ್ರಿಯೇ ಮೊಶ್ವೆಶ್ವೆ, ನೀವು ನಮಗೆ ಸಾಕಷ್ಟು ಶಿಕ್ಷೆ ಕೊಟ್ಟಿದ್ದೀರಿ, ಇಷ್ಟಕ್ಕೆ ಸಾಕು ಮಾಡಿರಿ ಎಂಬ ಅರ್ಥದ ಕಾಗದ ಬರೆಯಿಸಿ ಕಳಿಸಿದ. ಎದುರಾಳಿಗೆ ಮರ್ಯಾದೆಯಿಂದ ಹಿಂದಿರುಗುವ ದಾರಿ ಸಿಕ್ಕಿತು, ಸೈನ್ಯ ಹಿಂದಿರುಗಿತು. ಗೆದ್ದ ದಿನವೇ ತಲೆ ಬಾಗುವುದು ಎಷ್ಟು ಜನರಿಗೆ ಸಾಧ್ಯ?

ಆದರೂ ಅವನು ಎಲ್ಲವನ್ನೂ ಉಳಿಸಿಕೊಳ್ಳಲಿಲ್ಲ. ಪಶ್ಚಿಮದ ಬಯಲಿನಲ್ಲಿ ಬೋಯರರೆಂಬ ಬಿಳಿಯ ರೈತರು ಆರೆಂಜ್ ಫ್ರೀ ಸ್ಟೇಟ್ ಎಂಬ ರಾಜ್ಯ ಕಟ್ಟಿ, 1858ರಿಂದ ಮೂರು ಸಲ ಯುದ್ಧ ಮಾಡಿದರು. ಥಾಬಾ ಬೊಸಿಯುವನ್ನು ಮಾತ್ರ ಅವರಿಗೆ ಹತ್ತಲಾಗಲಿಲ್ಲ. ಆದರೆ ಬೆಳೆ ಸುಟ್ಟರು, ಒಳ್ಳೆಯ ಹೊಲಗಳ ಬಹುಭಾಗವನ್ನು ಕಿತ್ತುಕೊಂಡರು. ಕೊನೆಗೆ 1868ರ ಮಾರ್ಚ್ 12ರಂದು ನಾಡು ಬ್ರಿಟಿಷ್ ರಕ್ಷಣೆಗೆ ಸೇರಿತು. ಅಷ್ಟು ಜನರಿಗೆ ಶರಣು ಕೊಟ್ಟವನು ತಾನೇ ಇನ್ನೊಬ್ಬರಿಗೆ ಶರಣಾದ. ಎರಡು ವರ್ಷಗಳ ಮೇಲೆ, 1870ರ ಮಾರ್ಚ್ 11ರಂದು ದೇಹ ಬಿಟ್ಟ. ಅದೇ ಬೆಟ್ಟದ ಮೇಲೆ ಅವನ ಸಮಾಧಿಯಿದೆ.

ಅಂದು ತಲೆ ಬಾಗಿದ್ದರ ಫಲ ಮುಂದೆ ಕಂಡಿತು. 1910ರಲ್ಲಿ ಸುತ್ತಲಿನ ಸೀಮೆಗಳೆಲ್ಲ ಸೇರಿ ದಕ್ಷಿಣ ಆಫ್ರಿಕಾ ಒಕ್ಕೂಟವಾದಾಗ ಈ ನಾಡು ಅದರೊಳಗೆ ಸೇರದೆ ಉಳಿಯಿತು. ಮೈಬಣ್ಣ ನೋಡಿ ಮನುಷ್ಯರನ್ನು ಬೇರ್ಪಡಿಸುವ ಆ ದೇಶದ ವರ್ಣಭೇದದ ಕಾನೂನು ಬೆಟ್ಟದ ಗಡಿಯಲ್ಲೇ ನಿಂತಿತು. 1966ರ ಅಕ್ಟೋಬರ್ 4ರಂದು ಲೆಸೊಥೊ ಸ್ವತಂತ್ರವಾಯಿತು. ವರ್ಣಭೇದದ ಹಿಂಸೆ ತಾಳದೆ ಓಡಿಬಂದವರು ಮತ್ತೆ ಅದೇ ಬೆಟ್ಟಗಳಿಗೆ ಬಂದರು. ಬಡ ದೇಶ, ಸುತ್ತಲೂ ಬಲಿಷ್ಠ ನೆರೆ. ಆದರೂ ಬಾಗಿಲು ಮುಚ್ಚಲಿಲ್ಲ. 1982ರ ಡಿಸೆಂಬರ್ 9ರ ನಡುರಾತ್ರಿ ದಕ್ಷಿಣ ಆಫ್ರಿಕಾದ ಸೈನಿಕರು ರಾಜಧಾನಿ ಮಸೇರುವಿಗೆ ನುಗ್ಗಿ 42 ಜನರನ್ನು ಗುಂಡಿಟ್ಟು ಕೊಂದರು. ಆಶ್ರಯ ಬೇಡಿ ಬಂದವರ ಜೊತೆಗೆ ಊರಿನವರೂ ಸತ್ತರು. ಅಭಯ ಕೊಡುವುದು ಸುಲಭದ ಮಾತಲ್ಲ, ಸದ್ಭಕ್ತರೇ. ಒಮ್ಮೊಮ್ಮೆ ಅದಕ್ಕೆ ಮನೆಯ ಮಕ್ಕಳ ಪ್ರಾಣವೇ ಬೆಲೆಯಾಗುತ್ತದೆ.

ಆ ನಾಡನ್ನು ಕೈಲಾಸವೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಒಳ್ಳೆಯ ಹೊಲ ಹೋದ ಮೇಲೆ ಗಂಡಸರು ತಲೆಮಾರುಗಟ್ಟಲೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಕೂಲಿಗೆ ಹೋದರು. ಒಂದು ಕಾಲಕ್ಕೆ ಅವರ ಸಂಖ್ಯೆ ಲಕ್ಷವನ್ನು ದಾಟಿತ್ತು. ಮನೆ, ಹೊಲ, ಮಕ್ಕಳು ಎಲ್ಲ ಹೆಂಗಸರ ಹೆಗಲ ಮೇಲೆ ಬಿತ್ತು. ಏಡ್ಸ್ ರೋಗ ಅಲ್ಲಿ ಅಸಂಖ್ಯ ಮಕ್ಕಳನ್ನು ತಬ್ಬಲಿ ಮಾಡಿದೆ. ಪಿತ್ಸೊ ಕೂಡಿಸಿದವರ ಸಂತತಿಯೇ 1970ರಲ್ಲಿ ಚುನಾವಣೆಯ ಫಲಿತಾಂಶವನ್ನು ತುಳಿಯಿತು. 1998ರಲ್ಲಿ ಚುನಾವಣೆಯ ಜಗಳದಲ್ಲಿ ಮಸೇರು ನಗರಕ್ಕೆ ಬೆಂಕಿ ಬಿತ್ತು. ಬೆಟ್ಟದ ನೀರನ್ನು ಕಟ್ಸೆ ಎಂಬಲ್ಲಿ 185 ಮೀಟರು ಎತ್ತರದ ಅಣೆಕಟ್ಟಿನಲ್ಲಿ ನಿಲ್ಲಿಸಿ, ಸುರಂಗದ ಮೂಲಕ ದಕ್ಷಿಣ ಆಫ್ರಿಕಾಕ್ಕೆ ಮಾರುತ್ತಾರೆ. ಹಿರಿಯರ ಪುಣ್ಯ ಎಷ್ಟೇ ದೊಡ್ಡದಿದ್ದರೂ ಅದನ್ನು ಪ್ರತಿ ತಲೆಮಾರೂ ಹೊಸದಾಗಿ ಗಳಿಸಬೇಕು. ಆದರೂ ಇಂದಿಗೂ ಅಲ್ಲಿ ಇಬ್ಬರು ಎದುರಾದರೆ ಆಡುವ ಮಾತು ‘ಖೋತ್ಸೊ’, ಅಂದರೆ ಶಾಂತಿ. ನಾವು ‘ಶರಣು’ ಎನ್ನುವಂತೆ.

ಇನ್ನು ನಮ್ಮ ಮಾತು. ಪರರ ಕಥೆ ಹೇಳಿ ತನ್ನದನ್ನು ಮುಚ್ಚಿಟ್ಟವನಿಗೆ ಗದ್ದುಗೆ ಶೋಭಿಸುವುದಿಲ್ಲ.

2003ರ ಬರಗಾಲ ನಿಮ್ಮಲ್ಲಿ ಹಿರಿಯರಿಗೆ ನೆನಪಿದೆ. ನಾವು ಆಗ ಪಟ್ಟಕ್ಕೆ ಬಂದ ಹೊಸತು. ಮಠದ ಉಗ್ರಾಣದಲ್ಲಿ ಜಾತ್ರೆಯ ದಾಸೋಹಕ್ಕೆಂದು ಜೋಳದ ಚೀಲಗಳನ್ನು ಒಟ್ಟಿದ್ದೆವು. ಒಂದು ರಾತ್ರಿ ಒಬ್ಬ ಮನುಷ್ಯ ಹಿಂದಿನ ಬಾಗಿಲಿನ ಚಿಲಕ ಮುರಿದು ಒಳಹೊಕ್ಕ. ಒಂದು ಚೀಲ ಹೊತ್ತು ಹೊರಬರುವಾಗ ಸೇವಕರ ಕೈಗೆ ಸಿಕ್ಕ. ಬೆಳಗಿನಲ್ಲಿ ಅವನನ್ನು ನಮ್ಮ ಮುಂದೆ ನಿಲ್ಲಿಸಿದರು. ಅವನು ಏನನ್ನೂ ಬೇಡಲಿಲ್ಲ, ನೆಲ ನೋಡುತ್ತ ನಿಂತಿದ್ದ. ಶಿವನ ಸೊತ್ತಿಗೆ ಕೈ ಹಾಕಿದವನನ್ನು ಬಿಟ್ಟರೆ ನಾಳೆ ಎಲ್ಲರೂ ಕೈ ಹಾಕುತ್ತಾರೆ ಎಂದು ಹೇಳಿ ನಾವು ಅವನನ್ನು ಪೊಲೀಸರಿಗೆ ಒಪ್ಪಿಸಿದೆವು. ಸುತ್ತ ನಿಂತವರು ತಲೆದೂಗಿದರು. ಅಂದು ನಾವು ನ್ಯಾಯ ಮಾಡಿದೆವೆಂದೇ ನಂಬಿದ್ದೆವು.

ಅವನ ಮನೆಯಲ್ಲಿ ಎಷ್ಟು ಜನ, ಒಲೆ ಹೊತ್ತಿ ಎಷ್ಟು ದಿನವಾಯಿತು ಎಂದು ನಾವು ಕೇಳಲಿಲ್ಲ. ಬಿಡುಗಡೆಯಾಗಿ ಬಂದವನು ಹೆಂಡತಿ ಮಕ್ಕಳೊಡನೆ ಗೋವಾದ ಕಡೆ ದುಡಿಯಲು ಹೋದ. ಮುಂದೆ ನಾವು ಹೇಳಿ ಕಳಿಸಿದೆವು; ಅವನು ಬರಲಿಲ್ಲ. ಅವನ ಮನೆಯ ಮಾಳಿಗೆ ಈಗ ಕುಸಿದಿದೆ. ಆ ಓಣಿಯಲ್ಲಿ ಪಲ್ಲಕ್ಕಿ ಹೋಗುವಾಗಲೆಲ್ಲ ನಾವು ಮುಖ ತಿರುಗಿಸುತ್ತಿದ್ದೆವು. ಯಾಕೆಂದು ನಮ್ಮನ್ನೇ ಕೇಳಿಕೊಳ್ಳಲಿಲ್ಲ. ಅಜ್ಜನನ್ನು ತಿಂದವರಿಗೆ ಆ ಅರಸ ನೆಲ ಕೊಟ್ಟ. ಒಂದು ಚೀಲ ಜೋಳ ಹೊತ್ತವನಿಗೆ ನಾವು ಊರು ಬಿಡಿಸಿದೆವು. ದಾಸೋಹದ ಜೋಳವನ್ನು ಹಸಿದವನಿಂದ ಕಾಪಾಡಿದ ಮೇಲೆ ಅದು ಯಾವ ದಾಸೋಹ? ಕಂಬಳಿ ತಂದ ಭಕ್ತರು ಈ ಚರಿತ್ರೆಯನ್ನು ಹೇಳಿ ಮುಗಿಸಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಆದುದರಿಂದ ಇಂದು ಒಂದು ಮಾತನ್ನು ನಿಮ್ಮೆಲ್ಲರ ಸಾಕ್ಷಿಯಾಗಿ ಹೇಳುತ್ತೇವೆ. ಈ ವರ್ಷದಿಂದ ಬಿತ್ತಿಗೆಯಾಗಿ ಸುಗ್ಗಿ ಬರುವವರೆಗಿನ ತಿಂಗಳುಗಳಲ್ಲಿ ಮಠದ ಉಗ್ರಾಣದ ಬಾಗಿಲಿಗೆ ಬಂದವರಿಗೆ ಜೋಳ ಅಳೆದು ಕೊಡಲಾಗುವುದು. ಹೆಸರು ಬರೆದುಕೊಳ್ಳುವುದಿಲ್ಲ, ಕುಲ ಕೇಳುವುದಿಲ್ಲ. ಸುಗ್ಗಿಯಾದ ಮೇಲೆ ಕೊಡಲು ಶಕ್ತಿಯಿದ್ದವರು ತಂದು ಹಾಕಲಿ, ಇಲ್ಲದವರು ಹಾಕದಿರಲಿ. ಗೋವಾದಲ್ಲಿ ಆ ಕುಟುಂಬದ ಗುರುತುಳ್ಳವರು ಯಾರಾದರೂ ನಿಮ್ಮಲ್ಲಿದ್ದರೆ, ಸ್ವಾಮಿಗಳು ತಪ್ಪಾಯಿತೆಂದರು ಎಂದು ಅವನಿಗೆ ತಿಳಿಸಿರಿ.

ನಿಮ್ಮಿಂದ ನಾವು ಬೇಡುವುದು ಒಂದೇ. ನಿಮ್ಮ ನಿಮ್ಮ ಮನೆಗಳಲ್ಲಿ ಬದುವಿನ ಜಗಳಗಳಿವೆ, ಅಣ್ಣತಮ್ಮಂದಿರು ಮಾತು ಬಿಟ್ಟ ಹಗೆಗಳಿವೆ. ನಾಳೆ ಕೋರ್ಟಿಗೆ ಹೋಗುವ ಮುನ್ನ, ಎದುರಿನವನ ತಪ್ಪಿನ ಹಿಂದೆ ಯಾವ ಹಸಿವಿದೆ ಎಂದು ಒಮ್ಮೆ ನೋಡಿರಿ. ಅನ್ನದ ಹಸಿವೋ, ಮರ್ಯಾದೆಯ ಹಸಿವೋ, ಏನೋ ಒಂದು ಕಂಡೇ ಕಾಣುತ್ತದೆ. ಅದಕ್ಕೆ ನಿಮ್ಮ ಕೈಲಾದುದನ್ನು ಕೊಡಿರಿ. ಆಗ ನೀವು ಶರಣರೂ ಹೌದು, ಶರಣು ಬಂದವರಿಗೆ ಮನೆಯೂ ಹೌದು.

ಮಳೆ ಹೆಚ್ಚಾಗುತ್ತಿದೆ. ದೂರದ ಊರಿನವರು ಇಲ್ಲಿಯೇ ಪ್ರಸಾದ ಸ್ವೀಕರಿಸಿ ಮಲಗಿರಿ. ಶಿವನು ನಿಮ್ಮೆಲ್ಲರಿಗೂ ಸನ್ಮಂಗಳವನ್ನುಂಟುಮಾಡಲಿ. ಶರಣು ಶರಣಾರ್ಥಿ.